ಹಳೇ ರಿಮೋಟ್ ಕಾರು ಮತ್ತೆ ಓಡಿತು, ತೊಂದರೆ ಇದ್ದದ್ದು ಕ್ರಿಸ್ಟಲ್‌ನಲ್ಲಿ

ಸೆಕೆಂಡ್ ಹ್ಯಾಂಡ್ ತಗೊಂಡ 27 ಮೆಗಾಹರ್ಟ್ಸ್ ಎಎಂ (ರೇಡಿಯೋ ಅಲೆಯ ಎತ್ತರ ಬದಲಿಸಿ ಸಿಗ್ನಲ್ ಕಳಿಸುವ) ಸೆಟ್ ಇದು. ಎರಡೂ ಕಡೆ ಹೊಸ ಸೆಲ್ ಹಾಕಿದರೂ ಸರ್ವೋ (ಚಕ್ರ ಹೊರಳಿಸುವ ಪುಟ್ಟ ಮೋಟಾರು) ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಕೊನೆಗೆ ಫ್ರೀಕ್ವೆನ್ಸಿ ನಿಗದಿ ಮಾಡುವ ಪುಟ್ಟ ಬಿಡಿಭಾಗ, ಅಂದರೆ ಕ್ರಿಸ್ಟಲ್ ಕಿತ್ತು ಬೆಳಕಿಗೆ ಹಿಡಿದು ನೋಡಿದೆ. ಟ್ರಾನ್ಸ್‌ಮಿಟರ್‌ನಲ್ಲಿ 27.145, ರಿಸೀವರ್‌ನಲ್ಲೂ 27.145! ಹಿಂದಿನವರು ಎರಡಕ್ಕೂ ಚಾನೆಲ್ ಗುರುತಿನ ಹಳದಿ ಪಟ್ಟಿ ಇದೆ ಅಂತ ಸುಮ್ನೆ ಹಾಕಿರಬೇಕು. ಇಂಥ ಸಿಂಗಲ್ ಕನ್ವರ್ಷನ್ (ಬಂದ ಸಿಗ್ನಲ್ಲನ್ನು ಒಂದೇ ಸಲಕ್ಕೆ ಕೆಳಗಿನ ಫ್ರೀಕ್ವೆನ್ಸಿಗೆ ಇಳಿಸುವ) ಸೆಟ್‌ನಲ್ಲಿ ರಿಸೀವರ್‌ನದು 455 ಕಿಲೋಹರ್ಟ್ಸ್ ಕಡಿಮೆ, ಅಂದರೆ 26.690 ಇರಬೇಕು, ಆ ವ್ಯತ್ಯಾಸವನ್ನೇ ರಿಸೀವರ್ ಹಿಡಿಯುವುದು, ಎರಡೂ ಒಂದೇ ಆದರೆ ಹಿಡಿಯಲು ಏನೂ ಉಳಿಯುವುದಿಲ್ಲ ಅಲ್ವಾ. 26.690 ತಂದೆ, ಕಪ್ಪಾಗಿದ್ದ ಸಾಕೆಟ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ ಕೂರಿಸಿದೆ, ಸರ್ವೋ ಕೂಡಲೇ ತಿರುಗಿತು.

ಇನ್ನೊಂದು ವಿಷಯ: ಟ್ರಾನ್ಸ್‌ಮಿಟರ್, ರಿಸೀವರ್ ಕ್ರಿಸ್ಟಲ್‌ಗಳು ಅದಲುಬದಲಾದರೂ ವ್ಯತ್ಯಾಸ ಅಷ್ಟೇ ಇರುವುದರಿಂದ ಎಎಂ ಸೆಟ್ ಕೆಲವೊಮ್ಮೆ ಓಡಿಬಿಡುತ್ತದೆ, ಆದರೆ ಸಿಗ್ನಲ್ ಹೋಗುವುದು ತಪ್ಪು ಫ್ರೀಕ್ವೆನ್ಸಿಯಲ್ಲಿ. ಟಿಎಕ್ಸ್ (ಟ್ರಾನ್ಸ್‌ಮಿಟರ್), ಆರ್‌ಎಕ್ಸ್ (ರಿಸೀವರ್) ಗುರುತು ನೋಡಿಯೇ ಹಾಕಿ.