ಮುಂಬೈಯಿಂದ ಬುರ್ಹಾನ್‌ಪುರ ಜಿಲ್ಲೆಗೆ ಹೋಗೋರು ಎಲ್ಲಿಂದ ಶುರು ಮಾಡ್ಬೇಕು

ರಂಜಾನ್ ಟೈಮಲ್ಲಿ ಮೊಹಮ್ಮದ್ ಅಲಿ ರೋಡಲ್ಲಿ ಮಾವಾ ಜಲೇಬಿ ತಿಂದಿದ್ದೀರಲ್ಲ, ಕಂದು ಬಣ್ಣದ್ದು, ದಪ್ಪಗೆ, ಅದಕ್ಕೆ ಹೆಸರಾದ ಊರೇ ಬುರ್ಹಾನ್‌ಪುರ. ಮಧ್ಯಪ್ರದೇಶದ ದಕ್ಷಿಣ ತುದಿ, ಮಹಾರಾಷ್ಟ್ರ ಗಡಿಗೆ ಅಂಟ್ಕೊಂಡೇ ಇರೋ ಜಿಲ್ಲೆ, 2003ರಲ್ಲಿ ಖಂಡ್ವಾದಿಂದ ಬೇರೆ ಆಗಿದ್ದು. ತಾಪಿ ನದಿ, ಬಾಳೆತೋಟ, ಪವರ್‌ಲೂಮ್ ಸದ್ದು, ಇಷ್ಟರಲ್ಲಿ ಜಿಲ್ಲೆ ಅರ್ಧ ಬಂತು.

ಭುಸಾವಳ್-ಖಂಡ್ವಾ ಲೈನಿನ ಟ್ರೈನ್ ಹಿಡೀರಿ, ಆದ್ರೆ ಎಲ್ಲಾ ಗಾಡಿ ಅಲ್ಲಿ ನಿಲ್ಲಲ್ಲ, ಕೆಲವು ಅಪರಾತ್ರಿ ಇಳಿಸ್ತವೆ, ಟೈಮ್ ನೋಡ್ಕೊಂಡು ಬುಕ್ ಮಾಡಿ. ಭಾಷೆ ಚಿಂತೆ ಬೇಡ, ನಮ್ಮ ಡೊಂಬಿವ್ಲಿ ಮರಾಠಿನೂ ನಡೆಯುತ್ತೆ.

ಎಲ್ಲರೂ ಇಳಿದ ತಕ್ಷಣ ಶಾಹಿ ಕಿಲಾಗೆ, ಅಂದ್ರೆ ಊರಿನ ಅರಮನೆ ಕೋಟೆಗೆ ಓಡ್ತಾರೆ. ಬೇಡ, ಮೊದ್ಲು ಕುಂಡಿ ಭಂಡಾರಾ ಅನ್ನೋ ನೆಲದಡಿಯ ಹಳೇ ನೀರಿನ ಸುರಂಗ ನೋಡಿ. ಬೀದರ್‌ನ ನೌಬಾದ್ ಸುರಂಗ ಬಾವಿ ನೋಡಿದೋರಿಗೆ ಥಟ್ ಅಂತ ಹೊಳೆಯುತ್ತೆ, ಅದೇ ಕರೇಜ್ ತಂತ್ರ. 1615ರ ಸುಮಾರಿಗೆ, ಮೊಘಲ್ ಸೇನಾಪತಿ ಅಬ್ದುಲ್ ರಹೀಮ್ ಖಾನ್‌ಖಾನಾ ಇದ್ದಾಗ, ಸಾತ್ಪುಡಾ ಬೆಟ್ಟದಿಂದ ತಾಪಿ ಕಡೆ ಭೂಮಿ ಒಳಗೇ ಹರಿಯೋ ನೀರನ್ನ ಸುರಂಗದಲ್ಲಿ ಹಿಡಿದು ಊರಿಗೆ ತಂದ್ರು, ಪಂಪಿಲ್ಲ, ಕರೆಂಟಿಲ್ಲ, ಬರೀ ಇಳಿಜಾರು. ಮೇಲಿಂದ ನೋಡಿದ್ರೆ ಸಾಲಾಗಿ ಬಾವಿ ಬಾಯಿಗಳು, ನೂರಕ್ಕೂ ಹೆಚ್ಚು. ಕೆಳಗೆ ಇಳಿದ್ರೆ ಗೋಡೆಯಿಂದಲೇ ನೀರು ಜಿನುಗ್ತಾ ಇರುತ್ತೆ, ಸುಣ್ಣ ಕಟ್ಟಿ ಗೋಡೆ ಬೆಳ್ಳಗಾಗಿದೆ. ಇಳಿಯೋಕೆ ಲಿಫ್ಟ್ ಇದೆ, ನಡೀತಾ ಇದೆಯಾ ಅಂತ ಊರಲ್ಲೇ ವಿಚಾರಿಸ್ಕೊಂಡು ಹೋಗಿ, ಇಲ್ದಿದ್ರೆ ಆಟೋ ದುಡ್ಡು ದಂಡ.

ಇದಾದ್ಮೇಲೆ ಕಿಲಾಗೆ ಹೋದ್ರೆ ಅಲ್ಲಿನ ಹಮಾಮ್, ಅಂದ್ರೆ ಸ್ನಾನದ ಮನೆ ನೋಡೋ ಮಜಾನೇ ಬೇರೆ, ಛಾವಣಿ ಚಿತ್ರ ಮಾಸಿದ್ರೂ ಕತ್ತೆತ್ತಿ ನೋಡಿ. ಮುಮ್ತಾಜ್ 1631ರಲ್ಲಿ ತೀರಿಕೊಂಡಿದ್ದು ಇದೇ ಊರಲ್ಲಿ, ಮೊದಲು ಹೂತಿದ್ದು ಹೊಳೆ ಆಚೆ ಆಹೂಖಾನಾ ಅನ್ನೋ ಜಿಂಕೆವನದಲ್ಲಿ, ತಾಜ್‌ಮಹಲ್ ಎಲ್ಲ ಆಮೇಲೆ. ನಮ್ಮ ಬಿಜಾಪುರದೋರಿಗೆ ಇನ್ನೊಂದು ವಿಷ್ಯ, ಆದಿಲ್‌ಶಾಹಿ ರಾಜಕುಮಾರಿನ ಮದುವೆ ಆಗಿದ್ದ ಅಕ್ಬರನ ಮಗ ದಾನಿಯಾಲ್ ಕುಡಿದು ಕುಡಿದು ಸತ್ತಿದ್ದೂ ಇಲ್ಲೇ, 1605ರಲ್ಲಿ. ಜಾಮಾ ಮಸೀದಿಗೆ ಹೋದ್ರೆ ಅರಬ್ಬಿ ಜೊತೆ ಸಂಸ್ಕೃತ ಶಾಸನನೂ ಇದೆ, ಎಲ್ಲಿ ಅಂತ ಕೇಳಿ ತೋರಿಸ್ಕೊಳ್ಳಿ.

ಆಸೀರ್‌ಗಢದ ಬೆಟ್ಟದ ಕೋಟೆಗೆ ಮಾತ್ರ ಬೆಳಗ್ಗೆ ಬೇಗ ಹೊರಡಿ, ಖಂಡ್ವಾ ರೋಡಲ್ಲಿ 20 ಕಿಲೋಮೀಟರ್ ಆಸುಪಾಸು. ದಕ್ಖನಿಗೆ ಬಾಗಿಲು ಅಂತ ಇದಕ್ಕೆ ಹೆಸರು, 1601ರಲ್ಲಿ ಅಕ್ಬರನ ಕೈಗೆ ಬಂತು. ಮೇಲಿನ ಶಿವನ ಗುಡಿಗೆ ಅಶ್ವತ್ಥಾಮ ಈಗಲೂ ಪೂಜೆಗೆ ಬರ್ತಾನಂತೆ, ಊರೋರ ನಂಬಿಕೆ. ನೇಪಾನಗರದಲ್ಲಿ ನ್ಯೂಸ್‌ಪ್ರಿಂಟ್ ಕಾರ್ಖಾನೆ ಇದೆ, ಅದರ ಹುಚ್ಚಿಲ್ದೋರು ಬಿಡಬಹುದು. ಮಳೆ ಮುಗಿದ್ಮೇಲೆ ಹೋಗಿ, ಏಪ್ರಿಲ್-ಮೇನಲ್ಲಿ ನಿಮಾಡದ (ಈ ಸೀಮೆಯ ಹೆಸರು) ಬಿಸಿಲು ಮುಂಬೈ ಸೆಖೆ ಥರ ಅಲ್ಲ, ಕೋಟೆ ಹತ್ತೋಕೇ ಆಗಲ್ಲ.