ಏಪ್ರಿಲ್ 10ಕ್ಕೆ ಮುಂಚಿನ ವಾರಗಳು: ಒಂದನೇ ತರಗತಿಯ ವರ್ಷಾಂತ್ಯ, ನನ್ನ ಅನುಭವ

ಪಾವಗಡ ತಾಲ್ಲೂಕಿನ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ನಲಿ-ಕಲಿ ತರಗತಿಯನ್ನು ನಡೆಸುತ್ತೇನೆ. ಒಂದು, ಎರಡು ಮತ್ತು ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕೂತು, ಕಲಿಕೆಯ ಮೆಟ್ಟಿಲುಗಳನ್ನು ಕ್ರಮವಾಗಿ ತೋರಿಸುವ, ಗೋಡೆಯ ಮೇಲಿನ ಕಲಿಕಾ ಏಣಿಯನ್ನು ನೋಡಿಕೊಂಡು ತಮ್ಮ ತಮ್ಮ ವೇಗದಲ್ಲಿ ಮೈಲಿಗಲ್ಲು, ಅಂದರೆ ಒಂದೊಂದು ಹಂತ, ದಾಟುವ ಈ ಪದ್ಧತಿಯು 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ ಆರಂಭವಾಗಿ, 2009-10ರಲ್ಲಿ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆ ವಿಸ್ತರಿಸಿತು. ಇಲ್ಲಿ ಎಲ್ಲರೂ ಒಟ್ಟಿಗೆ ಮುಗಿಸಬೇಕಾದ ಕೊನೆಯ ಪಾಠ ಎಂಬುದೊಂದು ಇರುವುದಿಲ್ಲ. ಫೆಬ್ರುವರಿ ಮುಗಿಯುವ ಹೊತ್ತಿಗೆ ನನ್ನ ಒಂದನೇ ತರಗತಿಯ ಕೆಲವು ಮಕ್ಕಳು ಗುಣಿತಾಕ್ಷರಗಳ ಪದಗಳನ್ನು ತಡವರಿಸದೆ ಓದುತ್ತಿರುತ್ತಾರೆ, ಕೆಲವರು ಇನ್ನೂ ಮೊದಲ ಮೈಲಿಗಲ್ಲುಗಳ ಹತ್ತಿರವೇ ಇರುತ್ತಾರೆ.

ಈ ಸಮಯದಲ್ಲಿ ಸಂದರ್ಶನಕ್ಕೆ ಬಂದವರೂ ಸಹೋದ್ಯೋಗಿಗಳೂ ಸಾಮಾನ್ಯವಾಗಿ ಕೇಳುವ ಪ್ರಶ್ನೆ, ಏಣಿ ಎಲ್ಲಿಯವರೆಗೆ ಬಂತು ಎಂಬುದು. ಮಾರ್ಚ್ ತಿಂಗಳಲ್ಲಿ ನಾನು ಏಣಿಯ ಓಟವನ್ನು ನಿಧಾನ ಮಾಡುತ್ತೇನೆ. ಏಪ್ರಿಲ್ 11ರಿಂದ ಮೇ ಕೊನೆಯವರೆಗೆ ಹೆಚ್ಚುಕಡಿಮೆ ಐವತ್ತು ದಿನ ಶಾಲೆ ಇರುವುದಿಲ್ಲ. ನಮ್ಮ ಭಾಗದ ಬಹುತೇಕ ಮನೆಗಳಲ್ಲಿ ಆಡುವ ಮಾತು ತೆಲುಗು. ಬೇಸಿಗೆಯಲ್ಲಿ ಅನೇಕ ಕುಟುಂಬಗಳು ಮಕ್ಕಳನ್ನು ಕರೆದುಕೊಂಡು ಕೂಲಿ ಕೆಲಸಕ್ಕೆ ಬೆಂಗಳೂರಿನ ಕಡೆಗೆ ಹೋಗುತ್ತವೆ. ಹೀಗಿರುವಾಗ ಮಾರ್ಚ್ ಕೊನೆಯ ವಾರದಲ್ಲಿ ಅವಸರದಿಂದ ತೋರಿಸಿಕೊಟ್ಟ ಅಕ್ಷರ ಜೂನ್ ತಿಂಗಳವರೆಗೆ ಉಳಿಯುವುದಿಲ್ಲ, ಆದರೆ ಮಗು ಆಗಲೇ ಬಳಸಿ ಬಳಸಿ ತನ್ನದಾಗಿಸಿಕೊಂಡ ಅಕ್ಷರ ಉಳಿಯುತ್ತದೆ. ಆದ್ದರಿಂದ ವರ್ಷಾಂತ್ಯದ ನನ್ನ ಚಟುವಟಿಕೆಗಳೆಲ್ಲ ಕಲಿತದ್ದನ್ನು ಬಳಕೆಗೆ ತರಿಸುವ ಕಡೆಗೇ ಇರುತ್ತವೆ.

ಮೊದಲು ಮಾಡುವ ಕೆಲಸ, ಪ್ರತಿ ಮಗುವಿನೊಂದಿಗೆ ಪ್ರತ್ಯೇಕವಾಗಿ ಕೂರುವುದು. ಉಳಿದ ಮಕ್ಕಳು ಸ್ವಕಲಿಕೆಯ ಗುಂಪಿನಲ್ಲಿಯೂ ಸಹಪಾಠಿಗಳ ಸಹಾಯದ ಗುಂಪಿನಲ್ಲಿಯೂ ಕೆಲಸದಲ್ಲಿ ತೊಡಗಿದಾಗ ಜಗುಲಿಯಲ್ಲಿ ಒಂದು ಮಗುವನ್ನು ಕೂರಿಸಿಕೊಂಡು ಐದಾರು ನಿಮಿಷ ಓದಿಸುತ್ತೇನೆ. ನಲಿ-ಕಲಿಯಲ್ಲಿ ಅಕ್ಷರ ಕಲಿಕೆ ಆರಂಭವಾಗುವುದು ರ, ಗ, ಸ, ದ, ಅ ಎಂಬ ಐದು ಅಕ್ಷರಗಳಿಂದ. ಈ ಐದರಲ್ಲಿಯೇ ಸರ, ಅರಸ, ಅಗಸ, ಗರಗಸ ಮುಂತಾದ ಪದಗಳು ಹುಟ್ಟುತ್ತವೆ. ತೊಂದರೆಯೆಂದರೆ, ವರ್ಷವೆಲ್ಲ ಈ ಪದಗಳ ಚಿತ್ರಸಹಿತ ಕಲಿಕಾ ಕಾರ್ಡುಗಳನ್ನು ಕಂಡ ಮಗು ಅವುಗಳನ್ನು ಓದುತ್ತಿದೆಯೋ, ಕಾರ್ಡಿನ ಚಿತ್ರ ಹಾಗೂ ಮೂಲೆಯ ಕೊಳೆಯ ಗುರುತಿನಿಂದ ನೆನಪು ಮಾಡಿಕೊಂಡು ಹೇಳುತ್ತಿದೆಯೋ ಎಂಬುದು ಮೇಲುನೋಟಕ್ಕೆ ತಿಳಿಯುವುದಿಲ್ಲ. ಅದಕ್ಕಾಗಿ ಹಳೆಯ ಕ್ಯಾಲೆಂಡರಿನ ಹಿಂಬದಿಯಿಂದ ಚೀಟಿಗಳನ್ನು ಕತ್ತರಿಸಿ, ಅವುಗಳ ಮೇಲೆ ಚಿತ್ರವಿಲ್ಲದೆ ಅದೇ ಪದಗಳನ್ನು ಬರೆಯುತ್ತೇನೆ. ಅವುಗಳ ನಡುವೆ ‘ದಗರ’, ‘ಸಗದ’ ಎಂಬಂಥ ಅರ್ಥವಿಲ್ಲದ ಒಂದೆರಡು ಪದಗಳನ್ನೂ ಸೇರಿಸುತ್ತೇನೆ. ಅಕ್ಷರ ನಿಜವಾಗಿ ಬಂದ ಮಗು ‘ದಗರ’ವನ್ನು ಒಂದೊಂದಾಗಿ ಕೂಡಿಸಿ ಓದಿ, ಹಾಗೆಂದರೇನು ಮಿಸ್ ಎಂದು ಕೇಳುತ್ತದೆ. ಬಾಯಿಪಾಠದ ಮಗು ಅದನ್ನು ‘ದರ’ ಎಂದೋ ‘ನಗರ’ ಎಂದೋ ತನಗೆ ಗೊತ್ತಿರುವ ಪದಕ್ಕೆ ತಿರುಗಿಸಿಕೊಳ್ಳುತ್ತದೆ. ಹೀಗೆ ತಿರುಗಿಸಿಕೊಂಡ ಮಗುವಿಗೆ ನಾನು ತಪ್ಪು ಎನ್ನುವುದಿಲ್ಲ. ಮಧ್ಯದ ಅಕ್ಷರವನ್ನು ಬೆರಳಿನಿಂದ ಮುಚ್ಚಿ, ತೆರೆದು, ಮತ್ತೆ ಓದಿಸುತ್ತೇನೆ. ಮುಂದಿನ ಚೀಟಿಗಳಲ್ಲಿ ವ ಮತ್ತು ಪ, ಗುಡಿಸು ಮತ್ತು ಗುಡಿಸಿನ ದೀರ್ಘ, ಕೊಂಬು ಮತ್ತು ಕೊಂಬಿನ ಇಳಿ ಇವುಗಳ ಜೋಡಿಗಳಿರುತ್ತವೆ, ಏಕೆಂದರೆ ನನ್ನ ಮಕ್ಕಳು ಎಡವುವುದು ಬಹುಪಾಲು ಇಲ್ಲಿಯೇ.

ಈ ಓದಿಸುವಿಕೆ ಮುಗಿದ ಮೇಲೆ ಗುಂಪುಗಳನ್ನು ಮತ್ತೆ ಹಂಚುತ್ತೇನೆ. ಒಂದೇ ತೊಡಕಿನವರು ಒಂದು ಕಡೆ, ಅದನ್ನು ದಾಟಿದ ಎರಡನೇ ತರಗತಿಯ ಮಗುವೊಂದು ಅವರ ಜೊತೆ. ಬಿಸಿಲು ಏರುವ ಮುಂಚೆ, ಅಂದರೆ ಬಿಸಿಯೂಟದ ಹೊತ್ತಿಗೆ ಮೊದಲೇ, ಓದು ಬರಹ ಮುಗಿದಿರಬೇಕು. ಪಾವಗಡದ ಮಾರ್ಚ್ ತಿಂಗಳಿನಲ್ಲಿ ಮಧ್ಯಾಹ್ನದ ಮೇಲೆ ಆರು ವರ್ಷದ ಮಗುವಿನ ಕೈಗೆ ಪೆನ್ಸಿಲ್ ಕೊಡುವುದು ವ್ಯರ್ಥ ಎಂಬುದು ನನ್ನ ಅಭಿಪ್ರಾಯ.

ಮಧ್ಯಾಹ್ನದ ಅವಧಿಯನ್ನು ಗಣಿತಕ್ಕೆ, ಅದರಲ್ಲಿಯೂ ಆಟದ ಗಣಿತಕ್ಕೆ ಇಟ್ಟುಕೊಂಡಿದ್ದೇನೆ. ಹುಣಸೆ ಹಣ್ಣು ಕುಟ್ಟುವ ಕಾಲ ಅದೇ ಆದ್ದರಿಂದ ಬೀಜಕ್ಕೆ ಬರವಿಲ್ಲ. ಬೇಕಾದಷ್ಟನ್ನು ಮಕ್ಕಳೇ ಮನೆಯಿಂದ ಜೇಬಿನಲ್ಲಿ ತುಂಬಿಕೊಂಡು ಬರುತ್ತಾರೆ. ನಾಲ್ಕು ಬೀಜಗಳ ಒಂದು ಬದಿಯನ್ನು ಕಲ್ಲಿನ ಮೇಲೆ ತೇದು ಬಿಳಿ ಕಾಣುವಂತೆ ಮಾಡಿದರೆ ಚೌಕಾಬಾರಕ್ಕೆ ದಾಳ ಸಿದ್ಧ. ಬೇವಿನ ಮರದ ಕೆಳಗೆ ಸೀಮೆಸುಣ್ಣದಿಂದ ಐದಕ್ಕೆ ಐದರ ಇಪ್ಪತ್ತೈದು ಮನೆಗಳನ್ನು ಬರೆದು, ನಾಲ್ಕು ನಾಲ್ಕು ಮಕ್ಕಳನ್ನು ಕೂರಿಸುತ್ತೇನೆ. ಎಷ್ಟು ಬೀಜ ಬೆಳ್ಳಗೆ ಬಿದ್ದವೋ ಅಷ್ಟು ಮನೆ ನಡೆಸಬೇಕು. ನಾಲ್ಕೂ ಬೆಳ್ಳಗಾದರೆ ಚೌಕ, ನಾಲ್ಕೂ ಕಪ್ಪಾದರೆ ಬಾರ, ಅಂದರೆ ಎಂಟು, ಇವೆರಡಕ್ಕೂ ಇನ್ನೊಂದು ಗರ ಹಾಕುವ ಅವಕಾಶವಿದೆ. ಬಾರದ ಹಿಂದೆಯೇ ಮೂರು ಬಿದ್ದರೆ ಕಾಯಿ ನಡೆಸುವ ಮುಂಚೆ ಎಂಟು ಮೂರು ಕೂಡಿದರೆ ಎಷ್ಟು ಎಂದು ಹೇಳಬೇಕೆಂಬುದು ನಮ್ಮ ತರಗತಿಯ ನಿಯಮ. ಆರಂಭದಲ್ಲಿ ಒಂದೊಂದೇ ಮನೆಯನ್ನು ಬೆರಳಿನಿಂದ ಮುಟ್ಟಿ ಎಣಿಸುತ್ತಿದ್ದವರು ಕೆಲವು ದಿನಗಳ ಮೇಲೆ ಎಂಟರಿಂದ ಮುಂದಕ್ಕೆ ಒಂಬತ್ತು, ಹತ್ತು, ಹನ್ನೊಂದು ಎಂದು ಹೇಳಿ ನಿಲ್ಲಿಸುವುದನ್ನು ಕಾಣುತ್ತೇನೆ. ಒಂದನೇ ತರಗತಿಯ ಸಂಕಲನದಲ್ಲಿ ನನಗೆ ಮುಖ್ಯವಾಗಿ ಕಾಣುವ ಹೆಜ್ಜೆ ಇದೇ. ಎದುರಾಳಿಯ ಕಾಯಿ ಹೊಡೆಯಲು ಇನ್ನೆಷ್ಟು ಬೀಳಬೇಕು ಎಂದು ಲೆಕ್ಕ ಹಾಕುವಾಗ ವ್ಯವಕಲನವೂ ತಾನಾಗಿಯೇ ಬರುತ್ತದೆ.

ಎರಡಂಕಿಯ ಸಂಖ್ಯೆಗಳಿಗೆ ಮಾತ್ರ ಆಟ ಸಾಲದು. ಇಪ್ಪತ್ತಮೂರು ಎಂದು ಕೇಳಿಸಿಕೊಂಡು 203 ಎಂದು ಬರೆಯುವ ಮಕ್ಕಳು ಪ್ರತಿ ವರ್ಷವೂ ಇರುತ್ತಾರೆ. ಅವರು ಇಪ್ಪತ್ತನ್ನೂ ಮೂರನ್ನೂ ಪಕ್ಕಪಕ್ಕದಲ್ಲಿ ಇಡುತ್ತಿದ್ದಾರೆಯೇ ಹೊರತು ಗಮನವಿಲ್ಲದೆ ಬರೆಯುತ್ತಿಲ್ಲ. ಇದಕ್ಕೆ ತೆಂಗಿನ ಕಡ್ಡಿಯನ್ನು ಗೇಣುದ್ದ ಮುರಿದು, ಹತ್ತಕ್ಕೊಂದು ರಬ್ಬರ್ ಬ್ಯಾಂಡ್ ಹಾಕಿ ಕಟ್ಟು ಮಾಡಿಸುತ್ತೇವೆ. ಎಷ್ಟು ಕಟ್ಟು, ಎಷ್ಟು ಬಿಡಿ ಎಂದು ಎರಡು ಮನೆಗಳಲ್ಲಿ ಬರೆದ ಮೇಲೆ ಆ ಸೊನ್ನೆ ತಾನೇ ಬಿದ್ದು ಹೋಗುತ್ತದೆ. ಕಟ್ಟನ್ನು ಮಗು ತಾನೇ ಎಣಿಸಿ ಕಟ್ಟಿರಬೇಕು, ನಾವು ಕಟ್ಟಿಟ್ಟ ಕಟ್ಟನ್ನು ಅದು ಒಂದು ಎಂದೇ ತಿಳಿಯುತ್ತದೆ.

ಮಾರ್ಚ್ ಮಧ್ಯದಲ್ಲಿ ಒಂದು ದಿನ ಮಕ್ಕಳ ಸಂತೆ ನಡೆಸುತ್ತೇವೆ. ಇದು ಇಡೀ ಶಾಲೆಯ ಕಾರ್ಯಕ್ರಮವಾದರೂ ಒಂದನೇ ತರಗತಿಯವರಿಗೆ ನಾನು ಬೇರೆ ಸಾಲು ಹಾಕಿಸುತ್ತೇನೆ. ಅವರ ಅಂಗಡಿಯಲ್ಲಿ ಹುಣಸೆ ಹಣ್ಣು, ಹುರಿದ ಕಡಲೆಕಾಯಿ, ನಿಂಬೆಹಣ್ಣು, ಕೊತ್ತಂಬರಿ ಕಟ್ಟು ಇಷ್ಟೇ. ಬೆಲೆ ಐದು ಅಥವಾ ಹತ್ತು ರೂಪಾಯಿ, ಅದಕ್ಕಿಂತ ತೊಡಕಿನ ಬೆಲೆ ಇಡಲು ಬಿಡುವುದಿಲ್ಲ. ಹಿಂದಿನ ದಿನ ಬೆಲೆಯ ಚೀಟಿಯನ್ನು ಅವರೇ ಬರೆಯುತ್ತಾರೆ. ಒಂದು ಸಲ ಒಬ್ಬ ಹುಡುಗನ ಬಳಿ ಅವನ ಸೋದರತ್ತೆಯೇ ಬಂದು ಎರಡು ನಿಂಬೆಹಣ್ಣು ಐದು ರೂಪಾಯಿಗೆ ಕೊಡಬಾರದೇ ಎಂದು ಚೌಕಾಸಿಗೆ ಇಳಿದರು. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, ಚೀಟಿಯನ್ನು ಅವರ ಮುಂದೆ ಎತ್ತಿ ಹಿಡಿದು, “ಒಂದು ನಿಂಬೆಹಣ್ಣು ಐದು ರೂಪಾಯಿ. ಇಲ್ಲಿ ಬರೆದಿದೆ ಅತ್ತೆ, ಓದಿ” ಎಂದ. ಆ ಚೀಟಿಯಲ್ಲಿ ‘ಹಣ್ಣು’ ಎಂಬುದಕ್ಕೆ ಒತ್ತಕ್ಷರ ಇರಲಿಲ್ಲ, ‘ಹಣು’ ಎಂದಿತ್ತು. ಒತ್ತಕ್ಷರ ಅವನಿಗೆ ಇನ್ನೂ ಮುಂದಿನ ಮೆಟ್ಟಿಲು, ಆದ್ದರಿಂದ ನಾನು ತಿದ್ದಿರಲಿಲ್ಲ. ಬರೆದದ್ದಕ್ಕೆ ಒಂದು ಅಧಿಕಾರವಿದೆ ಎಂದು ಅವನಿಗೆ ತಿಳಿದಿತ್ತು, ಅಂದಿನ ವ್ಯಾಪಾರಕ್ಕೆ ಅಷ್ಟು ಸಾಕಾಗಿತ್ತು. ಚಿಲ್ಲರೆ ಕೊಡುವಾಗ ಮೂರನೇ ತರಗತಿಯ ಮಗುವೊಂದು ಪಕ್ಕದಲ್ಲಿ ನಿಲ್ಲುತ್ತದೆ, ಆದರೆ ಹಣ ಮುಟ್ಟುವಂತಿಲ್ಲ, ಬಾಯಲ್ಲಿ ಮಾತ್ರ ಸಹಾಯ.

ಬರಹಕ್ಕಾಗಿ ವರ್ಷಾಂತ್ಯದಲ್ಲಿ ಒಂದು ತರಗತಿ ಪುಸ್ತಕವನ್ನು ಮಾಡುತ್ತೇವೆ. ವಿಷಯ ಪ್ರತಿ ವರ್ಷ ಬೇರೆ. ಊರಿನ ಮರಗಳು, ಮನೆಯಲ್ಲಿ ಸಾಕಿದ ಪ್ರಾಣಿಗಳು, ನಮ್ಮ ಮನೆಯ ಅಡಿಗೆ, ಹೀಗೆ ಮಕ್ಕಳು ಕೈಯಿಂದ ಮುಟ್ಟಿ ಬಲ್ಲ ವಿಷಯವಾಗಿರಬೇಕು. ಒಬ್ಬರಿಗೆ ಒಂದು ಪುಟ, ಮೇಲೆ ಚಿತ್ರ, ಕೆಳಗೆ ಎರಡು ಮೂರು ವಾಕ್ಯ. ಮೊದಲು ಮಗು ನನಗೆ ಬಾಯಲ್ಲಿ ಹೇಳುತ್ತದೆ. ಹೇಳುವುದು ತೆಲುಗಿನಲ್ಲಿ ಆರಂಭವಾಗಿ ಕನ್ನಡಕ್ಕೆ ಹೊರಳಿದರೂ ತಡೆಯುವುದಿಲ್ಲ, ಕೇಳಿದ ಪದವನ್ನಷ್ಟೇ ಕನ್ನಡದಲ್ಲಿ ಹೇಳಿಕೊಡುತ್ತೇನೆ. ಅದೇ ಮಾತನ್ನು ಅದು ತನಗೆ ಗೊತ್ತಿರುವ ಅಕ್ಷರಗಳಲ್ಲಿ ಬರೆಯುತ್ತದೆ. ಇನ್ನೂ ಪದಗಳ ಹಂತದಲ್ಲಿರುವ ಮಗುವಿನ ಪುಟದಲ್ಲಿ ಅದರ ಮಾತನ್ನು ನಾನು ಬರೆದು, ಅದಕ್ಕೆ ಬರುವ ಪದಗಳ ಜಾಗವನ್ನು ಖಾಲಿ ಬಿಡುತ್ತೇನೆ, ಅವುಗಳನ್ನು ಅದು ತುಂಬುತ್ತದೆ. ಹೀಗಾಗಿ ಪುಸ್ತಕದಲ್ಲಿ ಪುಟವಿಲ್ಲದ ಮಗು ಇರುವುದಿಲ್ಲ. ಎಲ್ಲ ಹಾಳೆಗಳನ್ನು ಜೋಡಿಸಿ ದಬ್ಬಣ ಹಾಗೂ ಗೋಣಿ ದಾರದಿಂದ ಹೊಲಿದು ಓದುವ ಮೂಲೆಯಲ್ಲಿ ಇಡುತ್ತೇವೆ. ಅಚ್ಚಿನ ಪುಸ್ತಕಗಳಿಗಿಂತ ಬೇಗ ಹರಿದುಹೋಗುವುದು ಇದೇ, ಅಷ್ಟು ಕೈ ಬದಲಾಗುತ್ತದೆ.

ಇಲ್ಲಿ ಒಂದು ಮಾತನ್ನು ಹೇಳಬೇಕಾಗಿದೆ. ಕೆಲವು ಖಾಸಗಿ ಶಾಲೆಗಳಲ್ಲಿ ಎಳೆಯ ಮಕ್ಕಳಿಗೆ ಕಪ್ಪು ನಿಲುವಂಗಿ, ಚೌಕ ಟೋಪಿ ತೊಡಿಸಿ ಗ್ರಾಜುಯೇಷನ್ ಡೇ ಮಾಡುವುದನ್ನು ಕಂಡು ನಮ್ಮ ಪೋಷಕರೂ ಅಂಥದ್ದನ್ನು ಕೇಳುತ್ತಾರೆ. ವಾರ್ಷಿಕೋತ್ಸವವೆಂದರೆ ವಾರಗಟ್ಟಲೆ ನೃತ್ಯದ ಅಭ್ಯಾಸ ಎಂಬ ರೂಢಿಯೂ ಹಳೆಯದು. ಒಂದನೇ ತರಗತಿಯ ಮಟ್ಟಿಗೆ ಇವೆರಡೂ ಮಾರ್ಚ್ ತಿಂಗಳ ಒಳ್ಳೆಯ ಬೆಳಗುಗಳನ್ನು ನುಂಗುತ್ತವೆ. ನಮ್ಮ ಮಕ್ಕಳು ವೇದಿಕೆಗೆ ಹೋಗಲೇಬೇಕು ಎಂದಾಗ ವರ್ಷವೆಲ್ಲ ತರಗತಿಯಲ್ಲಿ ಹಾಡಿದ ಅಭಿನಯ ಗೀತೆಯೊಂದನ್ನೇ ಹಾಡಿಸುತ್ತೇನೆ, ಹೊಸ ಬಟ್ಟೆಯ ಖರ್ಚೂ ಇಲ್ಲ, ಅಭ್ಯಾಸದ ಗಲಾಟೆಯೂ ಇಲ್ಲ.

ಏಪ್ರಿಲ್ 10ರಂದು ಪೋಷಕರು ಬರುತ್ತಾರೆ. ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನದ ಪ್ರಕಾರ ಪ್ರಗತಿ ಪತ್ರದಲ್ಲಿ ಎ ಪ್ಲಸ್‌ನಿಂದ ಸಿ ವರೆಗಿನ ಶ್ರೇಣಿ ಇರುತ್ತದೆ, ಆದರೆ ಆ ಅಕ್ಷರದಿಂದ ತಾಯಂದಿರಿಗೆ ತಿಳಿಯುವುದು ಕಡಿಮೆ. ನಾನು ಪ್ರತಿ ಮಗುವಿನ ಎರಡು ಹಾಳೆಗಳನ್ನು ಅಕ್ಕಪಕ್ಕ ಇಡುತ್ತೇನೆ: ಜುಲೈನಲ್ಲಿ ಗೀಚಿದ್ದು, ಮಾರ್ಚ್‌ನಲ್ಲಿ ಬರೆದದ್ದು. ಓದು ಬಾರದ ಅಜ್ಜಿಗೂ ಅದರ ವ್ಯತ್ಯಾಸ ಕಾಣುತ್ತದೆ. ಹಿಂದುಳಿದ ಮಗುವಿನ ತಂದೆ, “ಇನ್ನೊಂದು ವರ್ಷ ಒಂದನೇ ಕ್ಲಾಸಲ್ಲೇ ಕೂರಿಸ್ಕೊಳ್ಳಿ ಮೇಡಂ” ಎಂದು ಕೇಳುವುದುಂಟು. ಶಿಕ್ಷಣ ಹಕ್ಕು ಕಾಯ್ದೆಯಂತೆ ಒಂದನೇ ತರಗತಿಯಲ್ಲಿ ಯಾರನ್ನೂ ಅನುತ್ತೀರ್ಣಗೊಳಿಸುವಂತಿಲ್ಲ ಎಂಬುದನ್ನು ತಿಳಿಸಿ, ನಲಿ-ಕಲಿಯಲ್ಲಿ ಅದರ ಅಗತ್ಯವೂ ಇಲ್ಲವೆಂದು ವಿವರಿಸುತ್ತೇನೆ: ಎರಡನೇ ತರಗತಿಗೆ ಹೋದರೂ ಮಗು ಅದೇ ಕೋಣೆಯಲ್ಲಿ, ತಾನು ನಿಂತ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ.

ರಜೆಗೆ ಒಂದರಿಂದ ನೂರರವರೆಗೆ ಹತ್ತು ಸಲ ಬರೆದುಕೊಂಡು ಬಾ ಎಂಬ ಮನೆಗೆಲಸವನ್ನು ನಾನು ಕೊಡುವುದಿಲ್ಲ. ಅದನ್ನು ಬರೆಯುವವರು ಸಾಮಾನ್ಯವಾಗಿ ಅಕ್ಕಂದಿರು. ಅದರ ಬದಲು ಮಗು ಆಗಲೇ ಓದಬಲ್ಲ ಪದಚೀಟಿಗಳನ್ನು ದಾರದಲ್ಲಿ ಪೋಣಿಸಿ ಕಳುಹಿಸುತ್ತೇನೆ. ಬಸ್ಸಿನ ಬೋರ್ಡು, ಮದುವೆ ಪತ್ರಿಕೆ, ನ್ಯಾಯಬೆಲೆ ಅಂಗಡಿಯ ಫಲಕ ಇವುಗಳಲ್ಲಿ ಗೊತ್ತಿರುವ ಅಕ್ಷರ ಹುಡುಕಲು ಹೇಳುತ್ತೇನೆ, ಹಿರಿಯರಿಂದ ಒಗಟುಗಳನ್ನು ಕೇಳಿಕೊಂಡು ಬರಲು ಹೇಳುತ್ತೇನೆ. ಬೆಂಗಳೂರಿನ ಕಡೆಗೆ ಹೋಗುವವರಿಗೂ ಇದು ಭಾರವಲ್ಲ. 2024ರ ಬೇಸಿಗೆ ರಜೆಯಲ್ಲಿ ಬರಪೀಡಿತ ತಾಲ್ಲೂಕುಗಳ ಶಾಲೆಗಳಲ್ಲಿ ಬಿಸಿಯೂಟ ನಡೆದಾಗ ಊರಿನಲ್ಲೇ ಉಳಿದ ಮಕ್ಕಳು ದಿನವೂ ಬರುತ್ತಿದ್ದರು. ಊಟಕ್ಕೆ ಮುಂಚಿನ ಅರ್ಧ ಗಂಟೆ ಓದುವ ಮೂಲೆ ತೆರೆದಿಟ್ಟದ್ದರಿಂದ ಆ ಜೂನ್‌ನಲ್ಲಿ ಅವರು ಉಳಿದವರಿಗಿಂತ ಬೇಗ ಕಾರ್ಡಿಗೆ ಮರಳಿದರು.

ಕೊನೆಯ ಕೆಲಸ ನನ್ನ ಟಿಪ್ಪಣಿ. ಪ್ರಗತಿ ನೋಟದಲ್ಲಿ ಮೈಲಿಗಲ್ಲಿನ ಗುರುತು ಇರುತ್ತದೆ, ಅದರ ಜೊತೆಗೆ ಪ್ರತಿ ಮಗುವಿಗೆ ಮೂರು ನಾಲ್ಕು ಸಾಲು ಬರೆದಿಡುತ್ತೇನೆ: ದೀರ್ಘ ಸ್ವರ ಬಂದಾಗ ಹ್ರಸ್ವ ಮಾಡಿ ಓದುತ್ತಾನೆ; ಐವತ್ತರ ಮೇಲೆ ಹಿಂದಕ್ಕೆ ಎಣಿಸಲು ಬಾರದು; ದೊಡ್ಡ ಗುಂಪಿನಲ್ಲಿ ಬಾಯಿ ಬಿಡುವುದಿಲ್ಲ, ಇಬ್ಬರಿದ್ದರೆ ಓದುತ್ತಾಳೆ. ವರ್ಗಾವಣೆ ಯಾವಾಗ ಬಂದೀತೆಂದು ಹೇಳಲಾಗದು, ಆದ್ದರಿಂದ ಹಾಳೆಗಳನ್ನು ಮನೆಗೆ ಒಯ್ಯದೆ, ಮಕ್ಕಳ ಬರಹದ ಮಾದರಿಗಳ ಕಡತದಲ್ಲಿ ಮೇಲೆಯೇ ಸಿಗುವಂತೆ ಇಟ್ಟು, ಕಪಾಟಿನ ಕೀಲಿಯನ್ನು ಮುಖ್ಯ ಶಿಕ್ಷಕರಿಗೆ ಒಪ್ಪಿಸುತ್ತೇನೆ.