ಆಕಾಶಗಂಗೆಯ ಕೇಂದ್ರದ ಕ್ಷಕಿರಣ ಆಕರಗಳನ್ನು ನಕ್ಷೆಗಿಳಿಸುವ ಬಗೆ

ಕೊಡಗಿನಲ್ಲಿ ಧನು ರಾಶಿ ರಾತ್ರಿಯ ಆಕಾಶದಲ್ಲಿ ಎತ್ತರಕ್ಕೇರುವ ಹೊತ್ತಿಗೆ ಕಕ್ಕಡ ತಿಂಗಳ ಮಳೆ ಹಿಡಿದಿರುತ್ತದೆ. ಆದರೆ ಆ ದಿಕ್ಕಿನಲ್ಲಿರುವ ಆಕಾಶಗಂಗೆಯ ಕೇಂದ್ರದಲ್ಲಿ ಕ್ಷಕಿರಣ ಸೂಸುವ ಕಾಯಗಳ, ಅಂದರೆ ಆಕರಗಳ, ನಕ್ಷೆ ತಯಾರಿಸಲು ಮೋಡ ಅಡ್ಡಿಯಲ್ಲ. ಕ್ಷಕಿರಣಗಳನ್ನು ವಾತಾವರಣವೇ ಹೀರಿಕೊಳ್ಳುವುದರಿಂದ ದತ್ತಾಂಶ ಬಾಹ್ಯಾಕಾಶದಿಂದಲೇ ಬರಬೇಕು. 1999ರಲ್ಲಿ ಉಡಾವಣೆಗೊಂಡ ನಾಸಾದ ಚಂದ್ರಾ ಕ್ಷಕಿರಣ ದೂರದರ್ಶಕದ ದತ್ತಾಂಶ ಭಂಡಾರ ಎಲ್ಲರಿಗೂ ತೆರೆದಿದೆ. ನಮ್ಮ ದೇಶದ ಬಾಹ್ಯಾಕಾಶ ವೀಕ್ಷಣಾಲಯ ಆಸ್ಟ್ರೋಸ್ಯಾಟ್ ಬಗ್ಗೆ ನನಗೆ ತುಂಬ ಅಭಿಮಾನವಿದ್ದರೂ, ಅದರ ಕ್ಷಕಿರಣ ಬಿಂಬ ಸುಮಾರು 2 ಕೋನನಿಮಿಷ (ಡಿಗ್ರಿಯ ಅರವತ್ತನೇ ಒಂದು ಭಾಗ ಒಂದು ಕೋನನಿಮಿಷ) ಹರಡುವುದರಿಂದ ಈ ದಟ್ಟಣೆಯಲ್ಲಿ ಆಕರಗಳು ಒಂದರೊಳಗೊಂದು ಬೆರೆತುಹೋಗುತ್ತವೆ. ಚಂದ್ರಾದ ಬಿಂಬ ಸುಮಾರು ಅರ್ಧ ಕೋನಸೆಕೆಂಡಿನಷ್ಟು ಮಾತ್ರ (ಕೋನನಿಮಿಷದ ಅರವತ್ತನೇ ಒಂದು ಭಾಗ ಒಂದು ಕೋನಸೆಕೆಂಡ್).

ಭಂಡಾರದಲ್ಲಿ ಕೇಂದ್ರದ ಆಕಾಶ ನಿರ್ದೇಶಾಂಕಗಳನ್ನು ಕೊಟ್ಟು, ಅಂದರೆ ವಿಷುವದಂಶ 17 ಗಂಟೆ 45 ನಿಮಿಷ 40 ಸೆಕೆಂಡ್, ಘಂಟಾವೃತ್ತಾಂಶ −29 ಡಿಗ್ರಿ 0 ನಿಮಿಷ 28 ಸೆಕೆಂಡ್ ಎಂದು ಹುಡುಕಿ, ದೀರ್ಘಾವಧಿಯ ವೀಕ್ಷಣೆಗಳನ್ನು ಮೊದಲು ಆರಿಸಿಕೊಳ್ಳಿ. ಕಡತಗಳು ದೊಡ್ಡವು, ಕರೆಂಟು ದಿನಗಟ್ಟಲೆ ಹೋಗುವ ಮಳೆಗಾಲಕ್ಕೆ ಮೊದಲೇ ಇಳಿಸಿಕೊಳ್ಳುವುದು ಒಳ್ಳೆಯದು. ಚಂದ್ರಾದ ಉಚಿತ ತಂತ್ರಾಂಶದಿಂದ ಅವನ್ನು ಮರುಸಂಸ್ಕರಿಸಿದ ಮೇಲೆ, ಪ್ರತಿ ವೀಕ್ಷಣೆಯಲ್ಲೂ ಕಾಣುವ ಪ್ರಕಾಶಮಾನ ಆಕರಗಳನ್ನು ತಾಳೆನೋಡಿ ಚಿತ್ರಗಳನ್ನು ಒಂದರ ಮೇಲೊಂದು ಕೂರಿಸಿ. ಇಲ್ಲಿ ಅವಸರ ಬೇಡ, ಏಕೆಂದರೆ ಅರ್ಧ ಕೋನಸೆಕೆಂಡಿನ ತಪ್ಪೂ ಮಂಕಾದ ಆಕರಗಳನ್ನು ಅಳಿಸಿಬಿಡುತ್ತದೆ. ಬಳಿಕ ಅದೇ ತಂತ್ರಾಂಶದಲ್ಲಿರುವ, ಆಕರಗಳನ್ನು ಪತ್ತೆಹಚ್ಚುವ ‘ವೇವ್‌ಡಿಟೆಕ್ಟ್’ (wavdetect) ಓಡಿಸಿ. ಅದರ ಮಿತಿಯನ್ನು ಹತ್ತು ಲಕ್ಷದಲ್ಲಿ ಒಂದಕ್ಕೆ ಇಟ್ಟರೆ ಹತ್ತು ಲಕ್ಷ ಪಿಕ್ಸೆಲ್‌ಗೆ ಸುಮಾರು ಒಂದು ಸುಳ್ಳು ಆಕರ ಮಾತ್ರ ನುಸುಳುತ್ತದೆ. ಚಿತ್ರದ ಅಂಚಿನಲ್ಲಿ ಬಿಂಬ ಹರಡುವುದರಿಂದ 1, 2, 4, 8 ಪಿಕ್ಸೆಲ್‌ಗಳ ಅಳತೆಗಳೆಲ್ಲವನ್ನೂ ಕೊಡಿ.

ಇಷ್ಟಕ್ಕೆ ಸಿಗುವುದು ಬರಿಯ ಚುಕ್ಕೆಗಳು. ಅವುಗಳಲ್ಲಿ ಯಾವುದು ನಿಜವಾಗಿ ಕೇಂದ್ರದ್ದು ಎಂದು ತೀರ್ಮಾನಿಸುವುದೇ ನಕ್ಷೆಯ ಜೀವಾಳ. ಮಡಿಕೇರಿಯ ದಟ್ಟ ಮಂಜಿನಲ್ಲಿ ಹತ್ತಿರದ ದೀಪಗಳಷ್ಟೇ ಕಾಣುವಂತೆ, ನಡುವಿನ ಅನಿಲ ಮತ್ತು ಧೂಳು ಸುಮಾರು 26,000 ಜ್ಯೋತಿರ್ವರ್ಷ ದೂರದ ಕೇಂದ್ರದಿಂದ ಬರುವ 2 ಕಿಲೋ ಎಲೆಕ್ಟ್ರಾನ್‌ವೋಲ್ಟ್‌ಗಿಂತ ಕಡಿಮೆ ಶಕ್ತಿಯ ಕಿರಣಗಳನ್ನು ಬಹುಪಾಲು ನುಂಗುತ್ತವೆ, ಹೆಚ್ಚು ಶಕ್ತಿಯವನ್ನು ದಾಟಗೊಡುತ್ತವೆ. ಆದ್ದರಿಂದ 0.5–2, 2–4, 4–8 ಕಿಲೋ ಎಲೆಕ್ಟ್ರಾನ್‌ವೋಲ್ಟ್ ಶಕ್ತಿಪಟ್ಟಿಗಳಿಗೆ ಕೆಂಪು, ಹಸಿರು, ನೀಲಿ ಬಣ್ಣ ಕೊಟ್ಟರೆ ಕೆಂಪಾಗಿ ಹೊಳೆಯುವವು ಬಹುತೇಕ ಮುನ್ನೆಲೆಯ ನಕ್ಷತ್ರಗಳೆಂದು ತಿಳಿಯಬಹುದು. 2003ರಲ್ಲಿ ಪ್ರಕಟವಾದ ಪಟ್ಟಿಯಲ್ಲಿ 17 ಕೋನನಿಮಿಷ ಅಗಲದ ಚೌಕದೊಳಗೆ 2,357 ಆಕರಗಳಿದ್ದವು. ಹೀಗೆ ಬೇರ್ಪಡಿಸಿದಾಗ 2,000ಕ್ಕೂ ಹೆಚ್ಚು ಕೇಂದ್ರದ ಸಮೀಪದವೆಂದು ಗೊತ್ತಾಯಿತು.

ಎಲ್ಲ ವರ್ಷಗಳ ಚಿತ್ರಗಳನ್ನು ಕೂಡಿಸಿದರೂ ಪ್ರತಿ ವರ್ಷದ ನಕ್ಷೆಯನ್ನು ಪ್ರತ್ಯೇಕವಾಗಿ ಉಳಿಸಿಕೊಳ್ಳಿ. 2013ರ ಏಪ್ರಿಲ್‌ನಲ್ಲಿ ಕೇಂದ್ರದ ಕಪ್ಪುಕುಳಿಯಿಂದ ಬರಿಯ 2.4 ಕೋನಸೆಕೆಂಡ್ ಅಂತರದಲ್ಲಿ ಒಂದು ಮ್ಯಾಗ್ನೆಟಾರ್ (ಅತಿ ಪ್ರಬಲ ಕಾಂತಕ್ಷೇತ್ರವಿರುವ ನ್ಯೂಟ್ರಾನ್ ನಕ್ಷತ್ರ) ಭುಗಿಲೆದ್ದಿತು. ಅದಕ್ಕೂ ಹಿಂದಿನ ಮತ್ತು ಮುಂದಿನ ನಕ್ಷೆಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಆ ಹೊಸ ಚುಕ್ಕೆಯನ್ನು ನೀವೇ ಗುರುತಿಸುವಿರಿ.